ದನ ಕಾಯುವುದಕ್ಕೂ ಓದು ಬೇಕು

"ಓದದಿದ್ದರೆ ದನ ಕಾಯಲು ಹೋಗು" ಎಂಬ ಬೈಗುಳವನ್ನು ಕೇಳದೆ ಬೆಳೆದ ಮಕ್ಕಳು ನಮ್ಮ ನಾಡಿನಲ್ಲಿ ವಿರಳ. ಪಾಠ ಒಪ್ಪಿಸದ ವಿದ್ಯಾರ್ಥಿಗೆ ಗುರುಗಳೂ, ಅಂಕ ಕಡಿಮೆ ತಂದ ಮಗನಿಗೆ ತಂದೆಯೂ ಇದೇ ಮಾತನ್ನು ಆಡುತ್ತಾರೆ. ಆಡುವವರ ಉದ್ದೇಶ ಮಕ್ಕಳ ಏಳಿಗೆಯೇ ಆಗಿದ್ದರೂ ಆ ಮಾತಿನಲ್ಲಿ ಎರಡು ತಪ್ಪುಗಳು ಅಡಗಿವೆ. ದನ ಕಾಯುವುದು ಕೀಳು ಕೆಲಸ ಎಂಬುದು ಮೊದಲನೆಯದು. ಅದಕ್ಕೆ ಓದು ಬೇಕಿಲ್ಲ ಎಂಬುದು ಎರಡನೆಯದು.

ಮೊದಲನೆಯ ತಪ್ಪನ್ನು ಹನ್ನೆರಡನೆಯ ಶತಮಾನದ ಶರಣರೇ ತಿದ್ದಿದ್ದಾರೆ. ತುರುಗಾಹಿ ರಾಮಣ್ಣನವರ ಕಾಯಕ ದನ ಕಾಯುವುದು. ವೀರಗೊಲ್ಲಾಳರದು ಕುರಿ ಕಾಯುವುದು. ಇಬ್ಬರೂ ವಚನಕಾರರು. ತುರುಗಾಹಿಗಳ ಹೆಸರಿನೊಂದಿಗೆ ಅವರ ಕಾಯಕವೇ ಬೆಸೆದುಕೊಂಡು ಗೌರವದ ಬಿರುದಾಗಿದೆ. ಎರಡನೆಯ ತಪ್ಪನ್ನು ತಿದ್ದುವ ಹೊಣೆ ಇಂದಿನ ಶಾಲೆಗಳದು. ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಮಕ್ಕಳಲ್ಲಿ ಅನೇಕರು ಬೆಳಗ್ಗೆ ಡೈರಿಗೆ ಹಾಲು ಹಾಕಿ ಶಾಲೆಗೆ ಬರುತ್ತಾರೆ. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ ಎಂದು ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಪುಸ್ತಕದ ಹಸುವೂ ಕೊಟ್ಟಿಗೆಯ ಹಸುವೂ ಒಂದೇ ಎಂಬುದನ್ನು ಅವರಿಗೆ ತಿಳಿಸುವವರು ಇಲ್ಲ. ಆ ಮಕ್ಕಳಿಗೆ ಏನನ್ನು ಕಲಿಸಬೇಕು ಎಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಮೊದಲ ಪಾಠ ನೆಲಕ್ಕೂ ತಳಿಗೂ ಇರುವ ಸಂಬಂಧವನ್ನು ಕುರಿತದ್ದು. ಅರಸೀಕೆರೆ ರಾಗಿ ಮತ್ತು ತೆಂಗಿನ ಬಯಲುಸೀಮೆ. ಬೇಲೂರಿನ ಪಶ್ಚಿಮಕ್ಕೆ ಹೋದಂತೆ ಕಾಫಿ ತೋಟದ ಮಲೆನಾಡು. ಹಳೇಬೀಡು ಇವೆರಡರ ನಡುವಿನದು. ಮಳೆ ಬೇರೆಯಾದಂತೆ ಮೇವೂ ಬೇರೆ, ಸಾಕಬೇಕಾದ ಪ್ರಾಣಿಯೂ ಬೇರೆ. ಕರ್ನಾಟಕದ ಮಾನ್ಯತೆ ಪಡೆದ ಕುರಿ ತಳಿಗಳಲ್ಲಿ ಬಳ್ಳಾರಿ, ಕೆಂಗುರಿ, ಮಂಡ್ಯ ತಳಿಗಳೊಂದಿಗೆ ಹಾಸನದ ಹೆಸರಿನದೇ ಒಂದು ತಳಿ ಇದೆ ಎಂಬುದು ಹಾಸನ ಜಿಲ್ಲೆಯ ಎಷ್ಟು ಮಕ್ಕಳಿಗೆ ಗೊತ್ತು? ಅರಸೀಕೆರೆಗೆ ಹೊಂದಿಕೊಂಡ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಅಮೃತಮಹಲ್ ತಳಿ ಕೇಂದ್ರವಿದೆ. ಮೈಸೂರು ಅರಸರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದಾದ ಈ ರಾಸುಗಳು ಓಟಕ್ಕೂ ದುಡಿಮೆಗೂ ಹೆಸರಾದವು, ಹಾಲಿಗಲ್ಲ. ಮಿಶ್ರತಳಿಯ ಹಸು ಹೆಚ್ಚು ಹಾಲು ಕೊಡುತ್ತದೆ. ಆದರೆ ನೆರಳು, ಹಸಿಮೇವು, ಬೇಕಾದಷ್ಟು ನೀರು ಇಲ್ಲದೆ ಹೋದರೆ ಬಿಸಿಲಿಗೆ ಬಳಲುತ್ತದೆ. ಯಾವ ತಳಿ ಶ್ರೇಷ್ಠ ಎಂದು ಕೇಳುವ ಬದಲು, ನಮ್ಮ ಮನೆಯ ನೀರು, ಮೇವು, ದುಡಿಮೆಗೆ ಯಾವ ತಳಿ ಒಗ್ಗುತ್ತದೆ ಎಂದು ಕೇಳಲು ಮಕ್ಕಳು ಕಲಿಯಬೇಕು.

ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆಯ ಡೈರಿ ಫಾರಂನಲ್ಲಿ, ಡಾ. ಸಂಪತ್ ಕುಮಾರನ್ ಅವರಿಂದ. ಆಧುನಿಕ ಪಶುಪಾಲನೆ ಎಲ್ಲಿಂದಲೋ ಬಂದದ್ದಲ್ಲ, ಅದಕ್ಕೆ ನಮ್ಮ ನೆಲದಲ್ಲಿಯೂ ಚರಿತ್ರೆ ಇದೆ ಎಂಬುದಕ್ಕೆ ಇದನ್ನು ಮಕ್ಕಳಿಗೆ ಹೇಳಬೇಕು.

ಎರಡನೆಯ ಪಾಠ ಹೊಟ್ಟೆಯದು. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ನಾವು ಹುಲ್ಲು ಹಾಕುವುದು ಮೊದಲು ಅವುಗಳಿಗೆ. ಅವು ಹುಲ್ಲನ್ನು ಒಡೆದು ಹಸುವನ್ನು ಸಾಕುತ್ತವೆ. ಈ ಒಂದು ಸಂಗತಿ ತಿಳಿದರೆ ಅನೇಕ ಅನಾಹುತಗಳು ತಪ್ಪುತ್ತವೆ. ಮದುವೆ, ಜಾತ್ರೆಗಳಲ್ಲಿ ಉಳಿದ ಅನ್ನವನ್ನು ಕರುಣೆಯಿಂದಲೇ ದನಕ್ಕೆ ಸುರಿಯುವುದುಂಟು. ಒಮ್ಮೆಲೇ ಬಿದ್ದ ಆ ಅನ್ನ ಹೊಟ್ಟೆಯಲ್ಲಿ ಹುಳಿಯಾಗಿ ಸೂಕ್ಷ್ಮಜೀವಿಗಳು ಸಾಯುತ್ತವೆ. ಹಸು ಮೇವು ಬಿಡುತ್ತದೆ, ಕೆಲವೊಮ್ಮೆ ಪ್ರಾಣವನ್ನೂ ಬಿಡುತ್ತದೆ. ದಾಸೋಹದ ಪ್ರಸಾದವನ್ನು ವ್ಯರ್ಥ ಮಾಡಬಾರದೆಂಬ ಭಾವ ಸರಿಯಾದದ್ದೇ. ಆದರೆ ಜ್ಞಾನವಿಲ್ಲದ ಕರುಣೆ ಹಸುವನ್ನು ಕೊಲ್ಲಬಲ್ಲುದು.

ಮಳೆಗಾಲದ ಹಸಿಮೇವನ್ನು ಬೇಸಿಗೆಗೆ ಉಳಿಸುವ ವಿದ್ಯೆಯೂ ಈ ಪಾಠದ ಭಾಗ. ಕಾಳು ಹಾಲುದುಂಬುವ ಹಂತದ ಮುಸುಕಿನ ಜೋಳವನ್ನು ದಂಟುಸಹಿತ ಕತ್ತರಿಸಿ, ಗಾಳಿಯಾಡದಂತೆ ಒತ್ತಿ ಮುಚ್ಚಿಟ್ಟರೆ ಸುಮಾರು 45 ದಿನಗಳಲ್ಲಿ ರಸಮೇವು ಸಿದ್ಧವಾಗುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ತೆಂಗಿನ ತೋಟಗಳೇ ಒಣಗಿದ್ದನ್ನು ಕಂಡ ಅರಸೀಕೆರೆಯ ಜನರಿಗೆ ಇದರ ಬೆಲೆಯನ್ನು ಬೇರೆಯಾಗಿ ಹೇಳಬೇಕಿಲ್ಲ. ಮೇವಿಲ್ಲದೆ ಹಸುವನ್ನು ಸಿಕ್ಕ ಬೆಲೆಗೆ ಮಾರಿದ ಮನೆ ಮತ್ತೊಂದನ್ನು ಕೊಳ್ಳಲು ಸಾಲ ಮಾಡುತ್ತದೆ.

ಕುರಿಯ ವಿಷಯದಲ್ಲಿ ಮಾತು ಇನ್ನೂ ಸ್ಪಷ್ಟ. ಗೋಮಾಳಗಳು ಕಿರಿದಾಗಿ, ತೋಟಗಳಿಗೆ ಬೇಲಿ ಬಿದ್ದಂತೆ ಮಂದೆ ತಿರುಗುವ ದಾರಿಗಳು ಮುಚ್ಚುತ್ತಿವೆ. ಆದುದರಿಂದ ನೆಲದಿಂದ ಎತ್ತರಕ್ಕೆ ಪಟ್ಟಿಗಳನ್ನು ಜೋಡಿಸಿ, ಹಿಕ್ಕೆ ಕೆಳಗೆ ಬೀಳುವಂತೆ ಕಟ್ಟಿದ ಅಟ್ಟಣಿಗೆಯ ಮನೆಗಳಲ್ಲಿ ಕುರಿಗಳನ್ನು ಕಟ್ಟಿ ಮೇಯಿಸುವ ಪದ್ಧತಿ ಹಬ್ಬುತ್ತಿದೆ. ಮಹಾರಾಷ್ಟ್ರದ ಫಲಟಣದಲ್ಲಿ ಅಭಿವೃದ್ಧಿಪಡಿಸಿದ, ಅವಳಿ ಮರಿ ಹಾಕುವ ನಾರಿ ಸುವರ್ಣ ತಳಿಯೂ ನಮ್ಮ ರಾಜ್ಯಕ್ಕೆ ಬಂದಿದೆ. ಆದರೆ ಎರಡು ಮರಿ ಹಾಕುವ ತಾಯಿಗೆ ಎರಡಕ್ಕೂ ಸಾಲುವಷ್ಟು ಹಾಲು ಬರುವಂತೆ ಮೇವು ಕೊಡದಿದ್ದರೆ ಲಾಭ ಕಾಗದದಲ್ಲಿ ಮಾತ್ರ ಉಳಿಯುತ್ತದೆ.

ಮೂರನೆಯ ಪಾಠ ರೋಗದ್ದು. 2013ರಲ್ಲಿ ಕಾಲುಬಾಯಿ ಜ್ವರ, 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ಅನೇಕ ಕೊಟ್ಟಿಗೆಗಳನ್ನು ಬರಿದು ಮಾಡಿದವು. ಕಾಲುಬಾಯಿ ಜ್ವರಕ್ಕೆ ಕರುವಿನ ನಾಲ್ಕು ತಿಂಗಳ ವಯಸ್ಸಿನಿಂದ ಲಸಿಕೆ ಆರಂಭಿಸಿ, ಆರು ತಿಂಗಳಿಗೊಮ್ಮೆ ಹಾಕಿಸಬೇಕು. ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಕಂದು ರೋಗದ ಲಸಿಕೆ ಒಮ್ಮೆ ಬೀಳಬೇಕು. ಆ ರೋಗ ಮನುಷ್ಯರಿಗೂ ಅಂಟುತ್ತದೆ. ಕುರಿಗಳಿಗೆ ಕರುಳುಬೇನೆ, ಪಿಪಿಆರ್, ನೀಲಿ ನಾಲಿಗೆ ರೋಗಗಳ ಲಸಿಕೆಗಳು ಬೇರೆ. ಲಸಿಕೆ ಹಾಕಿಸಿದರೆ ಹಾಲು ಕಡಿಮೆಯಾಗುತ್ತದೆ ಎಂದು ಅಜ್ಜ ಹಿಂಜರಿದಾಗ, ಅದು ಒಂದೆರಡು ದಿನದ ಮಾತು, ಹಸು ಹೋದರೆ ಎಲ್ಲವೂ ಹೋಯಿತು ಎಂದು ವಿನಯದಿಂದ ತಿಳಿಹೇಳಬಲ್ಲವನು ಮನೆಯ ವಿದ್ಯಾರ್ಥಿಯೇ. ಕೆಚ್ಚಲು ಬಾವಿಗೆ ಔಷಧ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೈರಿಗೆ ಹಾಕಬಾರದು ಎಂಬುದನ್ನೂ ಅವನು ಕಲಿಯಬೇಕು. ಅದು ವಿಜ್ಞಾನವೂ ಹೌದು, ಕಾಯಕದ ಪ್ರಾಮಾಣಿಕತೆಯೂ ಹೌದು.

ನಾಲ್ಕನೆಯದು ಲೆಕ್ಕದ ಪಾಠ. ಹಸು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಬರಡು ಹಸುವಿನ ಒಂದು ಬೆದೆಯನ್ನು ಗಮನಿಸದೆ ಬಿಟ್ಟರೆ, ದಿನಕ್ಕೆ 150 ರೂಪಾಯಿ ಮೇವು ಎಂದಿಟ್ಟುಕೊಂಡರೂ 3,150 ರೂಪಾಯಿ ನಷ್ಟ. ಇದು ಐದನೆಯ ತರಗತಿಯ ಗುಣಾಕಾರ. ಆದರೆ ಎಷ್ಟೋ ಮನೆಗಳು ಈ ಲೆಕ್ಕವನ್ನು ಮಾಡಿಯೇ ಇಲ್ಲ. ಹಸುವಿನ ಗರ್ಭಾವಧಿ ಸುಮಾರು 280 ದಿನ, ಕುರಿಯದು ಸುಮಾರು 150 ದಿನ. ಡೈರಿಯಲ್ಲಿ ಹಾಲಿನ ದರ ಜಿಡ್ಡು ಮತ್ತು ಜಿಡ್ಡೇತರ ಘನಾಂಶಗಳ ಶೇಕಡಾವಾರನ್ನು ಅವಲಂಬಿಸಿದೆ. ಶೇಕಡಾವಾರನ್ನು ಕಲಿಸಲು ಮನೆಯ ಹಾಲಿನ ಚೀಟಿಗಿಂತ ಒಳ್ಳೆಯ ಉದಾಹರಣೆ ಯಾವುದಿದೆ?

ಇದಕ್ಕೆಲ್ಲ ಹೊಸ ಪಠ್ಯಪುಸ್ತಕ ಬೇಕಿಲ್ಲ. ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಒಂದು ಮುಂಜಾನೆ, ಪಶು ಆಸ್ಪತ್ರೆಗೆ ಒಂದು ದಿನ, ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಒಂದು ಪ್ರವಾಸ ಸಾಕು. ಪ್ರವಾಸದ ಮಕ್ಕಳನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೂ ಕರೆದೊಯ್ಯಿರಿ. ಅಲ್ಲಿಯ ಗೋವರ್ಧನ ಶಿಲ್ಪದಲ್ಲಿ ಗಿರಿಯ ಕೆಳಗೆ ಗೋವುಗಳೂ ಗೊಲ್ಲರೂ ಒಟ್ಟಾಗಿ ಆಶ್ರಯ ಪಡೆದಿದ್ದಾರೆ. ಆಪತ್ತಿನಲ್ಲಿ ಮನುಷ್ಯನೂ ಪಶುವೂ ಒಂದೇ ನೆರಳಿನಲ್ಲಿ ನಿಲ್ಲಬೇಕೆಂಬುದನ್ನು ಶಿಲ್ಪಿ ಬಲ್ಲವನಾಗಿದ್ದ.

ಮಕ್ಕಳನ್ನು ಶಾಲೆ ಬಿಡಿಸಿ ಕೊಟ್ಟಿಗೆಗೆ ಕಳುಹಿಸಿರಿ ಎಂದು ನಾವು ಹೇಳುತ್ತಿಲ್ಲ. ಮಗು ಶಾಲೆಯಲ್ಲಿಯೇ ಇರಲಿ. ಕೊಟ್ಟಿಗೆಯ ಅರಿವು ಶಾಲೆಯೊಳಕ್ಕೆ ಬರಲಿ. ಈ ಪಾಠ ಹೆಣ್ಣುಮಕ್ಕಳಿಗೂ ಸಮನಾಗಿ ಸಲ್ಲಬೇಕು. ಮನೆಯ ಕೊಟ್ಟಿಗೆಯ ದುಡಿಮೆಯ ಬಹುಭಾಗ ತಾಯಂದಿರದೇ ಆಗಿರುವಾಗ ಜ್ಞಾನ ಮಾತ್ರ ಗಂಡಸರದಾಗಬಾರದು. ಕಲಿತವರಲ್ಲಿ ಕೆಲವರು ಪಶುವೈದ್ಯರಾಗುತ್ತಾರೆ, ಕೆಲವರು ನಗರದ ನೌಕರಿಗೆ ಹೋಗುತ್ತಾರೆ, ಕೆಲವರು ಊರಿನಲ್ಲಿಯೇ ಉಳಿದು ಹಸು ಕುರಿ ಸಾಕುತ್ತಾರೆ. ಹೀಗೆ ಉಳಿದವರು ಸೋತು ಉಳಿದವರಾಗಬಾರದು, ಬಲ್ಲವರಾಗಿ ಉಳಿದವರಾಗಬೇಕು. ಆದುದರಿಂದ ಗುರುಗಳಲ್ಲಿಯೂ ಪಾಲಕರಲ್ಲಿಯೂ ನಮ್ಮದೊಂದು ಕೋರಿಕೆ: ಇನ್ನು ಮುಂದೆ ಮಕ್ಕಳನ್ನು ಗದರಿಸಬೇಕಾದಾಗ "ದನ ಕಾಯುವುದಕ್ಕಾದರೂ ಚೆನ್ನಾಗಿ ಓದು" ಎಂದು ಗದರಿಸಿರಿ.