ಬುಡ ನೋಡಿ ಅಣಬೆ ಅರಿ

ಆಷಾಢದ ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ, ತೀರ್ಥಹಳ್ಳಿ ಸೀಮೆಯ ಸಣ್ಣ ಕಾಡೊಂದರಲ್ಲಿ ನಾವು ನಾಲ್ವರು ವಿದ್ಯಾರ್ಥಿಗಳೊಡನೆ ಅಣಬೆಗಳ ಸಮೀಕ್ಷೆಗೆ ತೊಡಗಿದೆವು. ನಾಯಿಕೊಡೆಯನ್ನು ಎಣಿಸುವುದೂ ಒಂದು ವಿದ್ಯೆಯೇ ಎಂದು ಓದುಗ ಬಂಧುಗಳು ಕೇಳಬಹುದು. ಹೌದು, ಅದೂ ವಿದ್ಯೆಯೇ.

ಅಣಬೆಯು ಸಸ್ಯವೂ ಅಲ್ಲ, ಪ್ರಾಣಿಯೂ ಅಲ್ಲ. 1969ರಲ್ಲಿ ವಿಟ್ಟೇಕರ್ ಎಂಬ ವಿಜ್ಞಾನಿ ಮಂಡಿಸಿದ ವರ್ಗೀಕರಣದಲ್ಲಿ ಶಿಲೀಂಧ್ರಗಳಿಗೆ ಪ್ರತ್ಯೇಕ ಸಾಮ್ರಾಜ್ಯವೇ ದೊರೆಯಿತು. ನಮ್ಮ ಕಣ್ಣಿಗೆ ಬೀಳುವ ಕೊಡೆಯು ಫಲವಿದ್ದಂತೆ. ನಿಜವಾದ ದೇಹವು ಮಣ್ಣಿನಲ್ಲಿ, ಕೊಳೆತ ಮರದಲ್ಲಿ ನೂಲಿನೆಳೆಗಳಂತೆ ಹಬ್ಬಿರುತ್ತದೆ. ಆದಕಾರಣ ಒಂದು ದಿನದ ಎಣಿಕೆ ಸಾಲದು. ಮಳೆಗಾಲವಿಡೀ ಅದೇ ಸ್ಥಳಕ್ಕೆ ಮರಳಿ ಹೋಗಬೇಕು.

ಹಗ್ಗ ಕಟ್ಟಿ ಚೌಕಗಳನ್ನು ಗುರುತಿಸಿ, ಕಂಡ ಪ್ರತಿಯೊಂದು ಅಣಬೆಯ ನೆಲೆ, ಸಮೀಪದ ಮರ, ಬಣ್ಣ, ವಾಸನೆಗಳನ್ನು ಬರೆದುಕೊಂಡೆವು. ಮಾದರಿಯನ್ನು ಬುಡಸಹಿತ ಅಗೆದು ಕಾಗದದಲ್ಲಿ ಸುತ್ತಬೇಕು. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೇಗ ಕೊಳೆಯುತ್ತದೆ.

ಅಲ್ಲಿ ಹೇರಳವಾಗಿದ್ದುದು ಹುತ್ತದ ಅಣಬೆ. ಗೆದ್ದಲುಗಳು ಕಟ್ಟಿಗೆ, ತರಗೆಲೆಗಳನ್ನು ಅಗಿದು ಹುತ್ತದೊಳಗೆ ತೋಟ ಮಾಡುತ್ತವೆ. ಅದರಲ್ಲಿ ಬೆಳೆದ ಶಿಲೀಂಧ್ರವೇ ಅವುಗಳಿಗೆ ಆಹಾರ. ಮಳೆ ಬಿದ್ದಾಗ ಆ ತೋಟದಿಂದ ಉದ್ದನೆಯ ಬೇರಿನಂಥ ಕಾಂಡ ನೆಲವನ್ನು ಸೀಳಿ ಮೇಲೆ ಬರುತ್ತದೆ. ಹುತ್ತ ಒಡೆದರೆ ಈ ಅಣಬೆಯೂ ಇಲ್ಲವಾಗುತ್ತದೆ.

ಮಧ್ಯಾಹ್ನ ಮರದಡಿಯ ತರಗೆಲೆಯಲ್ಲಿ ಬೆಳ್ಳಗಿನ ಅಣಬೆಯೊಂದನ್ನು ಕಂಡು, ಅದನ್ನೂ ಹುತ್ತದ್ದೆಂದೇ ನಾವು ಬರೆದುಕೊಂಡೆವು. ಸೌದೆಗೆ ಬಂದಿದ್ದ ಅಜ್ಜಿಯೊಬ್ಬರು, “ಅಯ್ಯನವರೇ, ಬುಡ ನೋಡಿದ್ರಾ?” ಎಂದರು. ನಾವು ನೋಡಿರಲಿಲ್ಲ, ಮೇಲಿನಿಂದಲೇ ಕಿತ್ತಿದ್ದೆವು. ಅವರು ಕಡ್ಡಿಯಿಂದ ಮಣ್ಣು ಕೆದಕಿದಾಗ ಬಟ್ಟಲಿನಂಥ ಚೀಲ ಹೊರಬಿತ್ತು. ಕಾಂಡದಲ್ಲಿ ಉಂಗುರವೂ ಇತ್ತು. ಅಮಾನಿಟಾ ಕುಲದ ಲಕ್ಷಣಗಳಿವು. ರಾತ್ರಿ ಅದರ ಕೊಡೆಯನ್ನು ಕಪ್ಪು ಕಾಗದದ ಮೇಲಿಟ್ಟು ಬಟ್ಟಲು ಕವುಚಿದೆವು. ಬೆಳಿಗ್ಗೆ ಉದುರಿದ್ದ ಬೀಜಕಣ ಅಚ್ಚಬಿಳಿ. ಹುತ್ತದ ಅಣಬೆಯದು ನಸುಗೆಂಪು. ಅಜ್ಜಿಯ ಮಾತೇ ನಿಜವಾಯಿತು.

ಈ ಕುಲದ ಕೆಲವು ಜಾತಿಗಳ ವಿಷವು ಬೇಯಿಸಿದರೂ ಅಳಿಯದು. ಆರು ಗಂಟೆಗೂ ಹೆಚ್ಚು ಕಾಲ ಸುಮ್ಮನಿದ್ದು, ಬಳಿಕ ವಾಂತಿಭೇದಿಯಾಗಿ, ಒಮ್ಮೆ ಇಳಿದಂತೆ ತೋರಿ ಯಕೃತ್ತನ್ನೇ ಕೆಡಿಸುತ್ತದೆ. ಬೆಳ್ಳಿ ಕಪ್ಪಾಗುವುದು, ಹುಳು ತಿಂದಿರುವುದು ಇವಾವುವೂ ನಂಬತಕ್ಕ ಪರೀಕ್ಷೆಗಳಲ್ಲ. ತಿಳಿಯದ ಅಣಬೆಯನ್ನು ಒಲೆಗೆ ಏರಿಸಬಾರದು. ತಿಂದು ಅಸ್ವಸ್ಥರಾದರೆ ಉಳಿದ ತುಣುಕಿನೊಡನೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಮ್ಮ ಪುಸ್ತಕದಲ್ಲಿ ಆ ಸಾಲನ್ನು ಹೊಡೆದುಹಾಕಿ ಸರಿಯಾದುದನ್ನು ಬರೆದೆವು. ಅಜ್ಜಿ ಹೇಳಿದ ಹನ್ನೊಂದು ಅಣಬೆಗಳ ಹೆಸರುಗಳನ್ನೂ ಕೆಳಗೆ ಸೇರಿಸಿದೆವು. ನಿಮ್ಮ ಮನೆಯ ಹಿರಿಯರಲ್ಲಿಯೂ ಇಂತಹ ಹೆಸರುಗಳಿರಬಹುದು. ಈ ಮಳೆಗಾಲದಲ್ಲಿಯೇ ಕೇಳಿ ಬರೆದಿಡಿರಿ.