ತಗುಲಿದರೆ ಒಂದು ಸುತ್ತು

ದೋಣಿ ನಮ್ಮಿಂದ ದೂರ ಹೋಗುವಾಗ ಎಲ್ಲವೂ ಸಲೀಸು. ರಿಮೋಟಿನ ಕಡ್ಡಿಯನ್ನು ಎಡಕ್ಕೆ ಒತ್ತಿದರೆ ದೋಣಿ ಎಡಕ್ಕೆ, ಬಲಕ್ಕೆ ಒತ್ತಿದರೆ ಬಲಕ್ಕೆ. ಅದೇ ದೋಣಿ ಮೂತಿ ತಿರುಗಿಸಿ ನಮ್ಮತ್ತ ಬರತೊಡಗಿತೋ, ಅದರ ಎಡ ನಮ್ಮ ಬಲವಾಗುತ್ತದೆ. ಹೊಸಬರ ಹೆಬ್ಬೆರಳು ತಡವರಿಸುವುದು ಆ ಗಳಿಗೆಯಲ್ಲೇ. ಆಗ ಪಕ್ಕದಲ್ಲಿದ್ದ ಹಳಬರೊಬ್ಬರು ಉಪಾಯ ಹೇಳಿಕೊಡುತ್ತಾರೆ. ದೋಣಿ ಯಾವ ದಿಕ್ಕಿಗೆ ಮುಖ ಮಾಡಿದೆಯೋ ನೀವೂ ಆ ದಿಕ್ಕಿಗೆ ಮೈ ತಿರುಗಿಸಿ, ಕತ್ತು ಹೊರಳಿಸಿ ಭುಜದ ಮೇಲಿಂದ ಅದನ್ನು ನೋಡಿ. ಆಗ ಅದರ ಎಡವೇ ನಿಮ್ಮ ಎಡ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿರುವ ಸ್ಪ್ರೆಕಲ್ಸ್ ಕೆರೆಯ ದಂಡೆಯಲ್ಲಿ, ನೀರಿಗೆ ಬೆನ್ನು ಹಾಕಿ ಕತ್ತು ಹಿಂದಕ್ಕೆ ತಿರುಗಿಸಿ ನಿಂತವರು ಯಾರಾದರೂ ಕಂಡರೆ, ಅವರಿಗೆ ಯಾರೋ ಈಗಷ್ಟೇ ರಿಮೋಟ್ ಕೊಟ್ಟಿದ್ದಾರೆ ಎಂದು ತಿಳಿಯಬೇಕು.

ಹೀಗೆ ರಿಮೋಟ್ ಕೊಡುವುದೇ ಈ ಹವ್ಯಾಸದ ಜೀವಾಳ ಎಂದು ನಾನು ನಂಬಿದ್ದೇನೆ. ರೇಡಿಯೊ ನಿಯಂತ್ರಣದ ಮಾದರಿ ದೋಣಿ ಬಿಡುವವರಲ್ಲಿ ಪದಕದ ಆಸೆಯವರು ಕೆಲವರೇ. ಹೆಚ್ಚಿನವರು ವಾರವಿಡೀ ಬೇರೆ ಕೆಲಸದಲ್ಲಿದ್ದು ರಜೆಯ ದಿನ ಎರಡು ತಾಸು ನೀರಿನ ಬಳಿ ಕಳೆಯಲು ಬರುವವರು. ನಮ್ಮಲ್ಲಿ ಮರಗೆಲಸ ಬಿಟ್ಟು ನಿವೃತ್ತರಾದವರಿದ್ದಾರೆ, ಬಸ್ಸು ಓಡಿಸಿದವರಿದ್ದಾರೆ, ದಂತವೈದ್ಯರಿದ್ದಾರೆ. ಗಂಗೊಳ್ಳಿಯಲ್ಲಿ ಹುಟ್ಟಿ, ಕೊಲ್ಲಿಯಾಚೆಯ ಫ್ರೀಮಾಂಟಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನಾನೂ ಇದ್ದೇನೆ. ದಂಡೆಯ ಮೇಲೆ ಯಾರ ಕೆಲಸವೇನೆಂದು ಯಾರೂ ಕೇಳುವುದಿಲ್ಲ. ಕೇಳುವುದು ಗಾಳಿಯ ವಿಷಯ.

ಈ ದಂಡೆಯ ಸ್ಯಾನ್ ಫ್ರಾನ್ಸಿಸ್ಕೋ ಮಾಡೆಲ್ ಯಾಟ್ ಕ್ಲಬ್ ಹುಟ್ಟಿದ್ದು 1898ರಲ್ಲಿ. ಕೆರೆ ಬಂದದ್ದು 1904ರಲ್ಲಿ. ಉದ್ಯಾನದ ಆಡಳಿತ ಮಂಡಳಿಯಲ್ಲಿದ್ದ, ಸಕ್ಕರೆ ಉದ್ಯಮದ ಮನೆತನದ ಅಡಾಲ್ಫ್ ಸ್ಪ್ರೆಕಲ್ಸ್ ಅವರ ಹೆಸರು ಅದಕ್ಕಿದೆ. ಇದು ತಾನಾಗಿ ಆದ ಕೆರೆಯಲ್ಲ, ಈಜಲು ಕಟ್ಟಿದ್ದೂ ಅಲ್ಲ. ಮಾದರಿ ದೋಣಿಗಳಿಗೆಂದೇ ಒಂದು ನಗರ ಕಟ್ಟಿಸಿದ ಕೆರೆ. ಪಕ್ಕದ ಕ್ಲಬ್ ಮನೆ ಎದ್ದದ್ದು 1930ರ ದಶಕದ ಕೊನೆಗೆ, ಆರ್ಥಿಕ ಮಹಾಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗೆ ದುಡಿಮೆ ಕೊಡಲು ಅಮೆರಿಕ ಸರ್ಕಾರ ಹಾಕಿಕೊಂಡ ಯೋಜನೆಯಲ್ಲಿ. ಹೊಟ್ಟೆಪಾಡಿನ ಅಂಥ ಕಾಲದಲ್ಲೂ ಆಟದ ದೋಣಿಗಳಿಗೊಂದು ಸೂರು ಬೇಕೆಂದು ಯಾರಿಗೋ ಅನ್ನಿಸಿತಲ್ಲ, ಅದು ನನಗೆ ದೊಡ್ಡ ಮಾತಾಗಿ ಕಾಣುತ್ತದೆ.

ಆಗ ರಿಮೋಟ್ ಇರಲಿಲ್ಲ. ಹಾಯಿಯನ್ನೂ ಚುಕ್ಕಾಣಿಯನ್ನೂ ಗಾಳಿ ನೋಡಿ ಮೊದಲೇ ಹೊಂದಿಸಿ ದೋಣಿಯನ್ನು ಬಿಟ್ಟುಬಿಡುವುದು, ಅದು ದಂಡೆಗೆ ಬಂದಾಗ ಉದ್ದನೆಯ ಕೋಲಿನಿಂದ ತಿರುಗಿಸಿ ಮತ್ತೆ ಕಳಿಸುವುದು, ಇಷ್ಟೇ ಆಟ. ದೋಣಿಯ ಜೊತೆಗೆ ದಂಡೆಯುದ್ದಕ್ಕೂ ಓಡಬೇಕಿತ್ತು. ಆ ಕ್ಲಬ್ ಹುಟ್ಟಿದ ವರ್ಷವೇ ದೇಶದ ಇನ್ನೊಂದು ತುದಿಯಲ್ಲಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ನಿಕೋಲಾ ಟೆಸ್ಲಾ ನೀರಿನ ತೊಟ್ಟಿಯೊಂದರಲ್ಲಿ ಕಬ್ಬಿಣದ ಪುಟ್ಟ ದೋಣಿ ತೇಲಿಬಿಟ್ಟು ತಂತಿಯಿಲ್ಲದೆ ನಡೆಸಿ ತೋರಿಸಿದರು. ರೇಡಿಯೊ ಎಂದರೇನೆಂದೇ ಜನಕ್ಕೆ ಗೊತ್ತಿರದ ಕಾಲ. ಅರವತ್ತನಾಲ್ಕರ ಘನಮೂಲ ಎಷ್ಟೆಂದು ಕೇಳಿದರೆ ದೋಣಿಯ ದೀಪ ನಾಲ್ಕು ಸಲ ಮಿನುಗಿತಂತೆ. ಮಿನುಗಿಸಿದ್ದು ಟೆಸ್ಲಾ ಅವರೇ. 1898ರ ನವೆಂಬರಿನಲ್ಲಿ ಅವರಿಗೆ ಅದರ ಪೇಟೆಂಟೂ ಸಿಕ್ಕಿತು. ಇಂದಿನ ಡ್ರೋನಿನವರೆಗೆ ದೂರದಿಂದ ನಡೆಯುವ ಯಂತ್ರಗಳಿಗೆಲ್ಲ ಹಿರಿಯಣ್ಣ ಒಂದು ಮಾದರಿ ದೋಣಿ ಎಂಬುದನ್ನು ಶಾಲೆಯ ಮಕ್ಕಳು ಬಂದಾಗ ನಾನು ಬಿಡದೆ ಹೇಳುತ್ತೇನೆ.

ರೇಡಿಯೊ ಬಂದ ಮೇಲೆ ಕ್ಲಬ್ಬುಗಳಿಗೆ ಹೊಸದೊಂದು ಶಿಸ್ತು ಬಂತು. ಹಳೆಯ ಸೆಟ್ಟುಗಳು 27 ಅಥವಾ 75 ಮೆಗಾಹರ್ಟ್ಸಿನಲ್ಲಿ, ಒಂದೊಂದಕ್ಕೆ ಒಂದೊಂದು ನಿಗದಿತ ಚಾನೆಲ್ಲಿನಲ್ಲಿ ಕೆಲಸ ಮಾಡುತ್ತಿದ್ದವು. ಒಂದೇ ಚಾನೆಲ್ಲಿನಲ್ಲಿ ಇಬ್ಬರು ಸ್ವಿಚ್ ಹಾಕಿದರೆ ಇಬ್ಬರ ದೋಣಿಯೂ ಕೈಮೀರಿ ಹೋಗುತ್ತಿತ್ತು. ಅದಕ್ಕಾಗಿ ದಂಡೆಯಲ್ಲೊಂದು ಹಲಗೆ, ಹಲಗೆಯ ಮೇಲೆ ಚಾನೆಲ್ ಸಂಖ್ಯೆ ಬರೆದ ಬಟ್ಟೆ ಕ್ಲಿಪ್ಪುಗಳು. ನಿಮ್ಮ ಚಾನೆಲ್ಲಿನ ಕ್ಲಿಪ್ಪು ಹಲಗೆಯಲ್ಲಿದ್ದರೆ ತೆಗೆದು ರಿಮೋಟಿನ ಆಂಟೆನಾಗೆ ಸಿಕ್ಕಿಸಿಕೊಳ್ಳಬೇಕು, ಆಮೇಲೆಯೇ ಸ್ವಿಚ್. ಕ್ಲಿಪ್ಪು ಇಲ್ಲವೆಂದರೆ ಅದು ಯಾರ ಬಳಿಯಿದೆಯೆಂದು ಹುಡುಕಿ ಮಾತಾಡಿಸಬೇಕು, ಅವರ ಸರದಿ ಮುಗಿಯುವತನಕ ಕಾಯಬೇಕು. ಎಂಥ ಮಾತುಗಳ್ಳರೂ ಬಾಯಿ ಬಿಡಲೇಬೇಕಾಗಿತ್ತು. ಎರಡು ಸಾವಿರದ ದಶಕದ ನಡುವಿನಲ್ಲಿ 2.4 ಗಿಗಾಹರ್ಟ್ಸ್ ಸೆಟ್ಟುಗಳು ಬಂದವು. ರಿಮೋಟು ತನ್ನ ದೋಣಿಯೊಳಗಿನ ರಿಸೀವರನ್ನು ಒಮ್ಮೆ ಗುರುತು ಹಿಡಿದುಕೊಂಡರೆ ಮುಗಿಯಿತು, ನೂರು ದೋಣಿಯಿದ್ದರೂ ಗೊಂದಲವಿಲ್ಲ. ಹಲಗೆ ಮೂಲೆ ಸೇರಿತು. ಇದರಿಂದ ಅನುಕೂಲವಾಯಿತೆನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಒಬ್ಬರು ಬಂದು, ಯಾರ ಮುಖವನ್ನೂ ನೋಡದೆ ದೋಣಿ ಬಿಟ್ಟು, ಮನೆಗೆ ಹೋಗಬಹುದು. ಆ ಕ್ಲಿಪ್ಪಿನ ಕೆಲಸವನ್ನು ಕ್ಲಬ್ಬಿನ ಮಂದಿ ಈಗ ತಾವೇ ಮಾಡಬೇಕಾಗಿದೆ. ಹೊಸಬರ ಬಳಿಗೆ ತಾವಾಗಿ ಹೋಗಿ ಮಾತಾಡಿಸುವವರು ಇರುವ ಕ್ಲಬ್ಬು ಬೆಳೆಯುತ್ತದೆ. ತಮ್ಮ ತಮ್ಮೊಳಗೇ ಗುಂಪುಗೂಡಿ ನಿಲ್ಲುವ ಕ್ಲಬ್ಬಿನಲ್ಲಿ ತಲೆಗಳು ನರೆಯುತ್ತವೆ, ಹೊಸ ತಲೆ ಬರುವುದಿಲ್ಲ.

ನಾನು ಬಿಡುವುದು ಹಾಯಿದೋಣಿ. ಅದರಲ್ಲಿ ಮೋಟಾರಿಲ್ಲವೆಂದು ಊರಿಗೆ ಫೋನು ಮಾಡಿದಾಗ ಹೇಳಿದರೆ ಮೀನುಗಾರಿಕೆ ಬೋಟಿನಲ್ಲಿ ಹೋಗುವ ನನ್ನ ತಮ್ಮನಿಗೆ ನಂಬಿಕೆ ಬರಲಿಲ್ಲ.

“ಮೋಟ್ರಿಲ್ದೆ ಹ್ಯಾಂಗ್ ಹೋತ್ತ್ ಅಕ್ಕಾ ಅದ್?”

“ಅಜ್ಜಯ್ಯನ್ ಕಾಲ್ದಗೆ ಹ್ಯಾಂಗ್ ಹೋತಿತ್ತೋ ಹಾಂಗೇ ಮಾರಾಯ.”

ರಿಮೋಟಿನಲ್ಲಿ ಇರುವುದು ಎರಡೇ ಕೆಲಸ. ಒಂದು ಕಡ್ಡಿ ಚುಕ್ಕಾಣಿಗೆ, ಇನ್ನೊಂದು ಹಾಯಿಯ ಹಗ್ಗವನ್ನು ಎಳೆಯುವ ಪುಟ್ಟ ಯಂತ್ರಕ್ಕೆ. ಹಗ್ಗ ಬಿಗಿ ಮಾಡಬಹುದು, ಸಡಿಲ ಬಿಡಬಹುದು. ಉಳಿದದ್ದೆಲ್ಲ ಗಾಳಿಯದು. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು, ಓರೆಯಾಗಿ ಅತ್ತ ಸ್ವಲ್ಪ ಇತ್ತ ಸ್ವಲ್ಪ ಹೋಗುತ್ತಲೇ ಮೇಲೇರಬೇಕು. ದೋಣಿಯ ಹೊಟ್ಟೆಯ ಕೆಳಗೆ ತೆಳ್ಳನೆಯ ಅಲಗೊಂದು ನೀರಿಗಿಳಿದಿರುತ್ತದೆ, ಅದರ ತುದಿಗೆ ಸೀಸದ ಗುಂಡು. ಗಾಳಿ ಎಷ್ಟು ಮಗ್ಗುಲಾಗಿಸಿದರೂ ಆ ಭಾರ ದೋಣಿಯನ್ನು ಎತ್ತಿ ನಿಲ್ಲಿಸುತ್ತದೆ, ಆ ಅಲಗು ಅಡ್ಡಕ್ಕೆ ಜಾರದಂತೆ ತಡೆಯುತ್ತದೆ. ಕೂವೆಮರ ನೀರು ಮುಟ್ಟುವಷ್ಟು ಬಾಗಿದ ದೋಣಿ ನೆಟ್ಟಗೆ ಎದ್ದು ನಡೆಯುವುದನ್ನು ಮೊದಲ ಸಲ ಕಂಡ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ.

ಸ್ಯಾನ್ ಫ್ರಾನ್ಸಿಸ್ಕೋದ ಬೇಸಿಗೆಗೆ ಅದರದೇ ಆದ ಗಾಳಿಯಿದೆ. ಒಳನಾಡಿನ ಕಣಿವೆ ಬಿಸಿಲಿಗೆ ಕಾದು ಅಲ್ಲಿನ ಗಾಳಿ ಮೇಲೇರಿದಂತೆ ಪೆಸಿಫಿಕ್ ಸಾಗರದ ತಣ್ಣನೆಯ ಗಾಳಿ ಆ ಜಾಗ ತುಂಬಲು ನುಗ್ಗಿ ಬರುತ್ತದೆ, ಮಂಜನ್ನೂ ಹೊತ್ತು ತರುತ್ತದೆ. ಬೆಳಗ್ಗೆ ತೆಪ್ಪಗಿದ್ದ ನೀರು ಮಧ್ಯಾಹ್ನಕ್ಕೆ ಸುಕ್ಕಾಗುತ್ತದೆ. ಕೆರೆಯ ಪಡುವಣದ ಮರಗಳ ಸಂದಿಯಿಂದ ಗಾಳಿ ಬಿಟ್ಟುಬಿಟ್ಟು ಬೀಸುವುದರಿಂದ ನೀರಿನ ಮೇಲಿನ ಕಪ್ಪು ಮಚ್ಚೆಗಳನ್ನು ಓದಲು ಕಲಿಯಬೇಕು. ಮಚ್ಚೆ ಇರುವಲ್ಲಿ ಗಾಳಿ ನೀರನ್ನು ಮುಟ್ಟುತ್ತಿದೆ ಎಂದರ್ಥ. ಗಾಳಿ ಪೂರ್ತಿ ಸತ್ತು ದೋಣಿ ನಡುಕೆರೆಯಲ್ಲಿ ನಿಂತುಬಿಟ್ಟರೆ ಅದಕ್ಕೂ ದಾರಿಯಿದೆ: ಮೀನು ಹಿಡಿಯುವ ಗಾಳದ ಕೋಲಿಗೆ ಕೊಕ್ಕೆಯ ಬದಲು ಟೆನಿಸ್ ಚೆಂಡು. ಅದನ್ನು ದೋಣಿಯ ಆಚೆ ಬೀಳುವಂತೆ ಎಸೆದು ಮೆಲ್ಲಗೆ ದಾರ ಸುತ್ತಿದರೆ ಚೆಂಡಿನೊಂದಿಗೆ ದೋಣಿಯೂ ದಡಕ್ಕೆ ಬರುತ್ತದೆ.

ಪಂದ್ಯದ ದೋಣಿಗಳಲ್ಲಿ ವರ್ಗಗಳಿವೆ. ಇಂಟರ್‌ನ್ಯಾಷನಲ್ ಒನ್ ಮೀಟರ್ ಎಂಬುದು 1988ರಿಂದ ಇರುವ ವರ್ಗ. ಉದ್ದ ಒಂದು ಮೀಟರ್ ದಾಟಬಾರದು, ತೂಕ ನಾಲ್ಕು ಕಿಲೋಗಿಂತ ಕಡಿಮೆಯಿರಬಾರದು, ಗಾಳಿಯ ಜೋರಿಗೆ ತಕ್ಕಂತೆ ಬದಲಿಸಲು ಮೂರು ಅಳತೆಯ ಹಾಯಿಗಳು. ಅದು ನುರಿತವರ ದೋಣಿ, ದುಡ್ಡೂ ಹೆಚ್ಚು. ನನ್ನದು ಡ್ರ್ಯಾಗನ್ ಫೋರ್ಸ್ 65. ಉದ್ದ 65 ಸೆಂಟಿಮೀಟರ್, ತೂಕ ಒಂದು ಕಿಲೋ ಚಿಲ್ಲರೆ, ಮಾಮೂಲಿ ಪೆನ್ಸಿಲ್ ಸೆಲ್ಲುಗಳಲ್ಲಿ ನಡೆಯುತ್ತದೆ. ಎಲ್ಲರ ದೋಣಿಯೂ ಒಂದೇ ಅಚ್ಚಿನದಾದ್ದರಿಂದ ಗೆದ್ದರೆ ಗಾಳಿ ಓದಿದ್ದಕ್ಕೇ ಗೆದ್ದಂತೆ, ದುಡ್ಡಿಗಲ್ಲ. ಮೊದಲ ದೋಣಿ ಯಾವುದು ಕೊಳ್ಳಲಿ ಎಂದು ಕೇಳುವವರಿಗೆಲ್ಲ ನಾನು ಹೇಳುವುದು, ನಿಮ್ಮ ದಂಡೆಯಲ್ಲಿ ಹೆಚ್ಚು ಜನರ ಬಳಿ ಯಾವುದಿದೆಯೋ ಅದನ್ನೇ ಕೊಳ್ಳಿ. ಜೊತೆಯಿಲ್ಲದ ದೋಣಿ ಅಟ್ಟ ಸೇರುತ್ತದೆ.

ಈ ಪಂದ್ಯಗಳಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಸಂಗತಿಯೆಂದರೆ ತಪ್ಪಿನ ನಿಯಮ. ವಾರದ ಪಂದ್ಯಗಳಲ್ಲಿ ಸೀಟಿ ಊದುವ ಅಂಪೈರ್ ಇರುವುದಿಲ್ಲ. ದಾರಿ ಬಿಡಬೇಕಾದ ದೋಣಿ ಬಿಡದೆ ಇನ್ನೊಂದಕ್ಕೆ ತಗುಲಿದರೆ, ಅಥವಾ ಗುರುತಿಗೆ ತೇಲಿಸಿದ ಬುರುಡೆಗೆ ತಗುಲಿದರೆ, ತಪ್ಪಿದವರು ತಾವೇ ಗುಂಪಿನಿಂದ ದೂರ ಸರಿದು ದೋಣಿಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಮುಂದೆ ಹೋಗಬೇಕು. ಆ ಒಂದು ಸುತ್ತಿನಲ್ಲಿ ಮೊದಲಿದ್ದವರು ಕೊನೆಗೆ ಬೀಳಬಹುದು. ಬೇರೆಯವರು ತಮ್ಮ ಹಾಯಿಯ ಸಂಖ್ಯೆಯನ್ನೂ ತಪ್ಪಿದವರ ಸಂಖ್ಯೆಯನ್ನೂ ಕೂಗಿ ಆಕ್ಷೇಪ ಎತ್ತಬಹುದು, ನಿಜ. ಆದರೆ ದೂರದ ನೀರಿನಲ್ಲಿ ಯಾವ ದೋಣಿ ಮುಂದೆ, ಯಾವುದು ಹಿಂದೆ ಎಂಬುದೇ ದಂಡೆಯಿಂದ ಸರಿಯಾಗಿ ಕಾಣುವುದಿಲ್ಲ. ತಗುಲಿತೋ ಇಲ್ಲವೋ ಎಂಬುದು ಎಷ್ಟೋ ಸಲ ದೋಣಿಯ ನಡೆಯನ್ನು ಹೆಬ್ಬೆರಳಲ್ಲಿ ಬಲ್ಲ ಒಬ್ಬರಿಗೆ ಮಾತ್ರ ಗೊತ್ತು. ನಮ್ಮ ಬಸ್ಸು ಚಾಲಕರು ಒಮ್ಮೆ ಕೊನೆಯ ತಿರುವಿನಲ್ಲಿ, ಗೆಲುವು ಎದುರಿಗಿರುವಾಗ, ಯಾರೂ ಏನೂ ಅನ್ನದೆ ಇದ್ದಾಗ “ನನ್ನದು ತಗುಲಿತು” ಎಂದು ಗಟ್ಟಿಯಾಗಿ ಹೇಳಿ ಸುತ್ತು ಹೊಡೆದರು. ಪಂದ್ಯ ಕೈಬಿಟ್ಟಿತು. ಆ ದಿನ ದಂಡೆಯಲ್ಲಿದ್ದ ಹತ್ತು ವರ್ಷದ ಹುಡುಗನೊಬ್ಬ ಮುಂದಿನ ವಾರದಿಂದ ತನ್ನ ಆಟಿಕೆ ದೋಣಿ ಬಾತುಕೋಳಿಯ ಹತ್ತಿರ ಹೋದರೂ ಸುತ್ತು ಹೊಡೆಸುತ್ತಿದ್ದ.

ಪಂದ್ಯವೇ ಬೇಡವೆನ್ನುವವರದು ಇನ್ನೊಂದು ಬಳಗ. ಅವರು ನಿಜವಾದ ಹಡಗುಗಳನ್ನು ಅಳತೆಗೆ ಸರಿಯಾಗಿ ಕಿರಿದಾಗಿಸಿ ಕಟ್ಟುವವರು. ಸ್ಯಾನ್ ಫ್ರಾನ್ಸಿಸ್ಕೋದ ಬಂದರಿನಲ್ಲಿ ಜೆರೆಮಯ್ಯ ಓಬ್ರಯನ್ ಎಂಬ ಲಿಬರ್ಟಿ ಹಡಗಿದೆ, ಎರಡನೇ ಮಹಾಯುದ್ಧದ ಸರಕು ಹಡಗುಗಳಲ್ಲೊಂದು. 1943ರಲ್ಲಿ ನೀರಿಗಿಳಿದು, ಮರುವರ್ಷ ನಾರ್ಮಂಡಿಗೆ ಹೋಗಿಬಂದ ಹಡಗು. ಉದ್ದ 441 ಅಡಿ. ಅದನ್ನು 96ರಲ್ಲಿ ಒಂದು ಪಾಲಿನ ಅಳತೆಗೆ ಕಟ್ಟಿದರೆ ಮಾದರಿ ನಾಲ್ಕೂವರೆ ಅಡಿ ಚಿಲ್ಲರೆ ಬರುತ್ತದೆ. ಇನ್ನು ತೂಕ. ಉದ್ದ, ಅಗಲ, ಎತ್ತರ ಮೂರೂ 96 ಪಟ್ಟು ಕುಗ್ಗುವುದರಿಂದ ತೂಕ 96ರ ಘನದಷ್ಟು, ಅಂದರೆ ಸುಮಾರು 8 ಲಕ್ಷ 85 ಸಾವಿರ ಪಟ್ಟು ಕುಗ್ಗಬೇಕು. ಸರಕು ತುಂಬಿದಾಗ ಹದಿನಾಲ್ಕು ಸಾವಿರ ಟನ್ನಿಗೂ ಮಿಕ್ಕಿದ ಹಡಗು ಮಾದರಿಯಲ್ಲಿ ಹದಿನಾರು ಕಿಲೋ ತೂಗಿದರೆ ನೀರಿನ ಗೆರೆ ಸರಿಯಾದ ಕಡೆ ಕೂರುತ್ತದೆ. ಮರ ಮತ್ತು ಪ್ಲಾಸ್ಟಿಕ್ಕಿನ ಒಡಲು ಅಷ್ಟು ತೂಗುವುದಿಲ್ಲವಲ್ಲ, ಉಳಿದದ್ದನ್ನು ಬ್ಯಾಟರಿ ಮತ್ತು ಸೀಸದಿಂದ ತುಂಬಿಸುತ್ತಾರೆ. ಮನೆಯ ಸ್ನಾನದ ತೊಟ್ಟಿಯಲ್ಲಿ ತೇಲಿಸಿ, ಸೀಸದ ತುಂಡುಗಳನ್ನು ಅತ್ತಿತ್ತ ಸರಿಸುತ್ತಾ ಸಮಮಾಡುವ ಕೆಲಸಕ್ಕೆ ಒಂದು ಸಂಜೆ ಸಾಲದು.

ವೇಗದ ಲೆಕ್ಕ ಬೇರೆ. ಅದು ವಿಕ್ಟೋರಿಯಾ ಕಾಲದ ಇಂಗ್ಲಿಷ್ ಎಂಜಿನಿಯರ್ ವಿಲಿಯಂ ಫ್ರೂಡ್ ತೋರಿಸಿಕೊಟ್ಟದ್ದು. ಹಡಗಿನ ಸುತ್ತ ಏಳುವ ಅಲೆಗಳು ಮಾದರಿಯಲ್ಲೂ ಹಾಗೆಯೇ ಏಳಬೇಕೆಂದರೆ ವೇಗವನ್ನು ಅಳತೆಯ ವರ್ಗಮೂಲದಿಂದ ಭಾಗಿಸಬೇಕು. ಹನ್ನೊಂದು ನಾಟ್, ಅಂದರೆ ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಹಡಗಿನ ಮಾದರಿ ಗಂಟೆಗೆ ಎರಡು ಕಿಲೋಮೀಟರ್ ಹೋಗಬೇಕು, ನಾವು ಸುಮ್ಮನೆ ನಡೆಯುವುದರ ಅರ್ಧ. ಅಷ್ಟು ನಿಧಾನಕ್ಕೆ ಬಿಟ್ಟಾಗ ಮಾತ್ರ ಮೂತಿಯ ಮುಂದೆ ಸೀಳುವ ನೀರು ಸಮುದ್ರದ ನೀರಿನಂತೆ ಕಾಣುತ್ತದೆ. ವರ್ಷಗಟ್ಟಲೆ ಕೂತು ಕಟ್ಟಿದ ಹಡಗನ್ನು ಅವರು ಇಷ್ಟು ತಾಳ್ಮೆಯಿಂದ ನಡೆಸುವುದನ್ನು ನೋಡುತ್ತಾ ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಅಳತೆಗೆ ಹಡಗು ಕಟ್ಟುವ ಈ ಕೆಲಸ ನಮ್ಮ ಕರಾವಳಿಗೆ ಹೊಸದಲ್ಲ. ಎನ್‌ಸಿಸಿಯ ನೌಕಾ ವಿಭಾಗದ ಕೆಡೆಟ್ಟುಗಳಿಗೆ ಹಡಗಿನ ಮಾದರಿ ಮಾಡುವುದು ಒಂದು ಪಾಠ, ಅಖಿಲ ಭಾರತ ನೌಸೈನಿಕ ಶಿಬಿರದಲ್ಲಿ ಅದರ ಸ್ಪರ್ಧೆಯೂ ಇದೆ. ಮಂಗಳೂರಿನಲ್ಲಿ ಓದುವಾಗ ನಾನು ಬಾಲ್ಸಾ ಮರ ಕೊರೆದು, ಮರಳು ಕಾಗದ ಉಜ್ಜಿ, ಬಣ್ಣ ಹಚ್ಚಿ ಕಲಿತದ್ದು ಅಲ್ಲೇ. ನನ್ನ ಜೊತೆಗಿದ್ದವರ ಕೈಗಳು ಇಲ್ಲಿನ ಯಾರ ಕೈಗೂ ಕಡಿಮೆಯಿರಲಿಲ್ಲ. ಆದರೆ ಶಿಬಿರ ಮುಗಿದ ಮೇಲೆ ಮಾದರಿ ಗಾಜಿನ ಕಪಾಟಿಗೆ, ಮಾಡಿದವರು ಕೆಲಸ ಹುಡುಕಲು ಊರೂರಿಗೆ. ವಯಸ್ಸಾದ ಮೇಲೂ ಹೋಗಿ ಸೇರಬಹುದಾದ ದಂಡೆಯೊಂದು ಅವರಿಗೆ ಸಿಗಲಿಲ್ಲ. ಇದು ನನಗೆ ನೋವಿನ ವಿಷಯ. ಹಾಯಿದೋಣಿಗೆ ಹೊಗೆಯಿಲ್ಲ, ಸದ್ದಿಲ್ಲ, ನೀರು ಕೆಡುವುದಿಲ್ಲ. 2.4 ಗಿಗಾಹರ್ಟ್ಸಿನ ಕಡಿಮೆ ಶಕ್ತಿಯ ಉಪಕರಣಗಳಿಗೆ ಭಾರತದಲ್ಲಿ 2005ರಿಂದ ಪರವಾನಗಿಯೂ ಬೇಡ. ಬೇಕಾದದ್ದು ನಾಲ್ಕು ದೋಣಿ, ನಾಲ್ಕು ಜನ, ವಾರಕ್ಕೊಂದು ನಿಗದಿತ ಹೊತ್ತು.

ಈ ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಎರಡು ದೋಣಿ ಒಯ್ಯುತ್ತಿದ್ದೇನೆ. ಎಲ್ಲಿ ಬಿಡುವುದೆಂದು ತಮ್ಮನ ಜೊತೆ ಚರ್ಚೆ ನಡೆದಿದೆ. ಪಂಚಗಂಗಾವಳಿಯ ಅಳಿವೆಯಲ್ಲಿ ಬೇಡ ಎಂಬುದು ನನ್ನ ವಾದ. ಈ ಅಳತೆಯ ದೋಣಿ ಗಂಟೆಗೆ ಮೂರೂವರೆ ಕಿಲೋಮೀಟರಿನ ಆಸುಪಾಸಿನಲ್ಲಿ ಹೋಗುವುದು, ಇಳಿತದ ಸೆಳೆತ ಜೋರಾದರೆ ಅದು ಕಡಲಿಗೇ ಹೋದೀತು. ಭರತ ತುಂಬಿ ನೀರು ನಿಂತಿರುವ ಹೊತ್ತು ನೋಡಿಕೊಂಡರೆ ಒಳಗಿನ ಹಿನ್ನೀರಿನಲ್ಲಿ ಬಿಡಬಹುದು ಎಂಬುದು ಅವನ ವಾದ. ಅವನಿಗೆ ನೀರು ಗೊತ್ತು, ಆದ್ದರಿಂದ ಅವನ ಮಾತೇ ನಡೆಯಲಿದೆ. ಗುರುತಿಗೆ ತೇಲಿಸಲು ಬಲೆಯ ಹಳೆಯ ತೇಲುಗುಂಡುಗಳನ್ನು ಎತ್ತಿಟ್ಟಿದ್ದಾನಂತೆ. ಪಕ್ಕದ ಮನೆಯ ಹುಡುಗರು ಯಾರು ಮೊದಲು ಎಂದು ಈಗಲೇ ಜಗಳ ತೆಗೆದಿದ್ದಾರಂತೆ.