ಮುಸುಕಿನ ಜೋಳದ ಮಸುಕು ಕಾಳು

ಬಿಕ್ಕೋಡಿನ ಕಾಫಿ ತೋಟ, ಭತ್ತದ ಗದ್ದೆಗಳನ್ನು ದಾಟಿ ಹಳೇಬೀಡು, ಅರಸೀಕೆರೆಗಳ ಬಯಲಿಗೆ ಬಂದರೆ ರಾಗಿಯೊಡನೆ ಮುಸುಕಿನ ಜೋಳದ ಹೊಲಗಳು ಕಾಣುತ್ತವೆ. ನಮ್ಮವರು ಈ ಜೋಳವನ್ನು ಬೆಳೆಯುವುದು ಹೆಚ್ಚಾಗಿ ಮಾರಾಟಕ್ಕೆ. ಅದರ ದೊಡ್ಡ ಪಾಲು ಕೋಳಿಗಳ ಆಹಾರವಾಗುತ್ತದೆ. ಆದರೆ ಮೆಕ್ಸಿಕೊ ಮತ್ತು ಆಫ್ರಿಕದ ಹಲವು ನಾಡುಗಳಲ್ಲಿ ಇದೇ ಕಾಳು ಕೋಟ್ಯಂತರ ಮನೆಗಳ ನಿತ್ಯದ ಊಟ. ಅಲ್ಲಿ ಈ ಊಟವೊಂದನ್ನೇ ನೆಚ್ಚಿದ ಮಕ್ಕಳು ಹೊಟ್ಟೆ ತುಂಬ ಉಂಡರೂ ಸೊರಗುತ್ತಿದ್ದರು. ಏಕೆ?

ದೇಹವನ್ನು ಕಟ್ಟುವ ಸಸಾರಜನಕವು ಅಮೈನೋ ಆಮ್ಲಗಳಿಂದಾದುದು. ಇವುಗಳಲ್ಲಿ ಕೆಲವನ್ನು ನಮ್ಮ ದೇಹ ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು. ಮುಸುಕಿನ ಜೋಳದಲ್ಲಿ ಅಂತಹ ಲೈಸೀನ್ ಮತ್ತು ಟ್ರಿಪ್ಟೊಫ್ಯಾನ್ ಬಹಳ ಕಡಮೆ. ಎತ್ತು, ನೊಗ, ನೇಗಿಲುಗಳೆಲ್ಲವೂ ಇದ್ದು ಮಿಣಿಯೊಂದಿಲ್ಲದಿದ್ದರೆ ಉಳುಮೆ ನಿಲ್ಲುವಂತೆ, ಒಂದರ ಕೊರತೆಯಿಂದ ಉಳಿದವೂ ನಿಷ್ಫಲವಾಗುತ್ತವೆ.

1964ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಎಡ್ವಿನ್ ಮರ್ಟ್ಜ್, ಆಲಿವರ್ ನೆಲ್ಸನ್ ಮತ್ತು ಲಿನ್ ಬೇಟ್ಸ್ ಎಂಬ ವಿಜ್ಞಾನಿಗಳು ಮಸುಕಾದ, ಸೀಮೆಸುಣ್ಣದಂತಹ ಕಾಳೊಂದರ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಅದು 'ಒಪೇಕ್-2' ಎಂಬ ವಂಶವಾಹಿಯಲ್ಲಿ ಉಂಟಾದ ಉತ್ಪರಿವರ್ತನೆಯ ಫಲ. ಲೈಸೀನ್ ಇಲ್ಲದ 'ಝೀನ್' ಎಂಬ ಸಸಾರಜನಕ ಅದರಲ್ಲಿ ತಗ್ಗಿ, ಲೈಸೀನುಳ್ಳ ಸಸಾರಜನಕಗಳ ಪಾಲು ಹೆಚ್ಚಿತ್ತು. ಹೀಗಾಗಿ ಲೈಸೀನ್ ಸುಮಾರು ಇಮ್ಮಡಿಯಾಗಿತ್ತು.

ಆದರೆ ಗುಣ ಬಂದಾಗ ದೋಷವೂ ಜೊತೆಗೂಡಿತು. ಕಾಳು ಮೆತ್ತಗಿದ್ದು ಹುಳುಗಳಿಗೂ ಬೂಷ್ಟಿಗೂ ಬೇಗ ಈಡಾಗುತ್ತಿತ್ತು, ಇಳುವರಿಯೂ ಕಡಮೆ. ರೈತರು ಒಪ್ಪಲಿಲ್ಲ. ಮೆಕ್ಸಿಕೊದಲ್ಲಿರುವ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸಂಶೋಧನ ಕೇಂದ್ರದಲ್ಲಿ ಭಾರತೀಯ ಮೂಲದ ಸುರಿಂದರ್ ವಸಲ್ ಮತ್ತು ಇವಾಂಜೆಲಿನಾ ವಿಯೆಗಾಸ್ ಅವರು ವರ್ಷಗಟ್ಟಲೆ ತಾಳ್ಮೆಯಿಂದ ಆಯ್ದು, ಪೋಷಕಾಂಶ ಉಳಿಸಿಕೊಂಡೇ ಕಾಳನ್ನು ಗಟ್ಟಿಯಾಗಿಸಿದರು. 2000ದಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಭಾರತದಲ್ಲಿಯೂ 'ಎಚ್‌ಕ್ಯೂಪಿಎಂ-1' ಮೊದಲಾದ ಇಂತಹ ಸಂಕರ ತಳಿಗಳು ಬಂದಿವೆ.

ಇಂತಹ ತಳಿಯನ್ನು ಬೆಳೆಯುವವರು ಒಂದು ಮಾತನ್ನು ನೆನಪಿಡಬೇಕು. ನೆರೆಹೊಲದ ಸಾಮಾನ್ಯ ಜೋಳದ ಪರಾಗ ಸೋಕಿದ ಕಾಳುಗಳು ಆ ವಿಶೇಷ ಗುಣವನ್ನು ಕಳೆದುಕೊಳ್ಳುತ್ತವೆ. ಗಟ್ಟಿಕಾಳಾದುದರಿಂದ ಬರಿಗಣ್ಣಿಗೆ ಈ ವ್ಯತ್ಯಾಸ ತಿಳಿಯದು. ಆದುದರಿಂದ ಪ್ರತ್ಯೇಕ ಹೊಲ ಅವಶ್ಯಕ. ಸಂಕರ ತಳಿಯಾದುದರಿಂದ ಬೀಜವನ್ನೂ ಪ್ರತಿ ಬಾರಿ ಹೊಸದಾಗಿ ತರಬೇಕು.

ಇನ್ನು ನಮ್ಮ ಅಡುಗೆಮನೆಗೆ ಬರೋಣ. ಸುಣ್ಣದಂಶದಲ್ಲಿ ಶ್ರೀಮಂತವಾದ ರಾಗಿಯಲ್ಲಿಯೂ ಲೈಸೀನ್ ಸಾಲದು. ಅವರೆ, ಹುರುಳಿ, ತೊಗರಿಗಳಲ್ಲಿ ಅದು ಯಥೇಚ್ಛವಾಗಿದೆ. ವಿಜ್ಞಾನಿಗಳು ಕಾಳಿನೊಳಗೆ ತುಂಬಲು ಶ್ರಮಿಸಿದುದನ್ನು ನಮ್ಮ ಹಿರಿಯರು ಮುದ್ದೆಯ ಪಕ್ಕದಲ್ಲಿ ಹುರುಳಿಸಾರನ್ನು ಬಡಿಸಿ ಪೂರೈಸಿದ್ದರು. ಆದರೆ ಬೇಳೆಯ ಬೆಲೆ ಏರಿದಾಗ ತೆಳುವಾಗುವುದು ಆ ಸಾರೇ. ಅದರ ನಷ್ಟ ಮೊದಲು ತಟ್ಟುವುದು ಬೆಳೆಯುವ ಮಕ್ಕಳಿಗೆ. ಹೊಸ ಬೀಜ ಹೊಲಕ್ಕೆ ಬರಲಿ, ಸ್ವಾಗತಿಸೋಣ. ಅಲ್ಲಿಯವರೆಗೂ, ಬಂದ ಮೇಲೆಯೂ, ರಾಗಿಯ ಸಾಲಿನ ನಡುವೆ ಅವರೆಯ ಅಕ್ಕಡಿ ತಪ್ಪದಿರಲಿ. ಮಗುವಿನ ತಟ್ಟೆಯಲ್ಲಿ ಸಾರು ಮಂದವಾಗಿಯೇ ಇರಲಿ.